ಆ ಹುಡುಗ ಪಾಸಾದ್ನಾ?

ಪಿಎಚ್.ಡಿ. ಮಾಡುವವನಿಗೆ ಊರಿನಲ್ಲಿ ಒಂದು ಖಚಿತವಾದ ಸ್ಥಾನವಿಲ್ಲ. ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದವನು ‘ಮೇಷ್ಟ್ರಾದ’, ಸೇರದವನು ‘ಮನೇಲಿದಾನೆ’. ಇವೆರಡೂ ಅಲ್ಲದ ಮೂರನೆಯ ಜಾತಿಯವನನ್ನು ಏನೆಂದು ಕರೆಯಬೇಕೋ ತಿಳಿಯದೆ ನಮ್ಮ ಕಡೆಯ ಹಿರಿಯರು ‘ಇನ್ನೂ ಓದ್ತಾ ಇದಾನೆ’ ಎಂದು ದನಿ ತಗ್ಗಿಸಿ ಹೇಳುತ್ತಿದ್ದರು. ಮೂವತ್ತರ ಹತ್ತಿರಕ್ಕೆ ಬಂದ, ಮುಂದಲೆಯ ಕೂದಲು ಹಿಂದೆ ಸರಿಯತೊಡಗಿದ ಗಂಡಸೊಬ್ಬ ಇನ್ನೂ ಓದುತ್ತಿದ್ದಾನೆಂದರೆ ಅವರ ಲೆಕ್ಕದಲ್ಲಿ ಅದಕ್ಕಿದ್ದ ಅರ್ಥ ಒಂದೇ: ಎಲ್ಲೋ ಒಂದು ಕಡೆ ಫೇಲಾಗುತ್ತಲೇ ಇದ್ದಾನೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗ ಪಕ್ಕದವರು ‘ಯಾವ ಸಬ್ಜೆಕ್ಟಪ್ಪ?’ ಎನ್ನುವರು. ‘ಜಾನಪದ’ ಎಂದರೆ ಅರೆಗಳಿಗೆ ಸುಮ್ಮನಿದ್ದು, ‘ಅಂದ್ರೆ, ನಮ್ಮ ಅಜ್ಜಿ ಹಾಡ್ತಿದ್ದ ಪದಗಳಾ? ಅದಕ್ಕೂ ಪರೀಕ್ಷೆ ಇಟ್ಟಿದಾರಾ?’ ಎಂದು ನಿಜವಾದ ಮರುಕದಿಂದ ಕೇಳಿ, ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುವರು. ಆ ಹೋಳಿಗೆಯನ್ನು ನಾನು ಬೇಡವೆನ್ನುತ್ತಿರಲಿಲ್ಲ. ಶಿಷ್ಯವೇತನ ಬರುವುದು ಯಾವಾಗಲೂ ತಡವಾಗುತ್ತಿತ್ತು.

ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾವು ಮೂವರು ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮಾಳಿಗೆ ಕೋಣೆ ಹಿಡಿದಿದ್ದೆವು. ಒಬ್ಬನದು ಶಿಕ್ಷಣಶಾಸ್ತ್ರ. ಹಳ್ಳಿಯ ಮಕ್ಕಳು ನಡುವೆಯೇ ಶಾಲೆ ಬಿಡುವುದೇಕೆ ಎಂಬುದು ಅವನ ಪ್ರಶ್ನೆ. ಇನ್ನೊಬ್ಬನದು ಅರ್ಥಶಾಸ್ತ್ರ. ಆಗ ಐಆರ್‌ಡಿಪಿ ಎಂಬ ಹೆಸರಿನಲ್ಲಿ ಸರ್ಕಾರ ಬಡವರಿಗೆ ಎಮ್ಮೆ, ಕುರಿ, ಹೊಲಿಗೆ ಯಂತ್ರಕ್ಕೆಂದು ಸಾಲ ಕೊಡಿಸುತ್ತಿತ್ತು. ಕೊಟ್ಟದ್ದು ತಲುಪಬೇಕಾದವರನ್ನು ತಲುಪಿತೇ ಎಂದು ಅವನು ಹುಡುಕುತ್ತಿದ್ದ. ನಾನು ಜನ ಮಾದಪ್ಪನೆಂದು ಕರೆಯುವ ಮಲೆಯ ಮಾದೇಶ್ವರನ ಕಾವ್ಯ ಹಾಡುವ ದೇವರಗುಡ್ಡರ ಬೆನ್ನು ಹತ್ತಿದ್ದೆ. ನಮ್ಮ ಮನೆಯ ಯಜಮಾನಿ ನೀರು ಹಿಡಿಯುವ ಹೊತ್ತಿನಲ್ಲಿ ಎದುರುಮನೆಯವರಿಗೆ ನಮ್ಮನ್ನು ಪರಿಚಯಿಸಿದ್ದು ಹೀಗೆ: ‘ಒಬ್ಬ ಸ್ಕೂಲು ಬಿಟ್ಟೋರನ್ನ ಹುಡುಕ್ತಾನೆ, ಒಬ್ಬ ಎಮ್ಮೆ ಎಣಿಸ್ತಾನೆ, ಇನ್ನೊಬ್ಬ ಹಾಡೋರ ಹಿಂದೆ ತಿರುಗ್ತಾನೆ. ಬಾಡಿಗೆ ಮಾತ್ರ ಸರಿಯಾಗಿ ಕೊಡ್ತಾರೆ ಕಣ್ರೀ.’ ಶಿಕ್ಷಣ, ಸರ್ಕಾರದ ನೀತಿ, ಕಲೆ ಈ ಮೂರೂ ಕ್ಷೇತ್ರಗಳ ಸಂಶೋಧನೆಯನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಆಮೇಲೆ ಯಾವ ವಿಚಾರಸಂಕಿರಣದಲ್ಲಿಯೂ ಕಾಣಲಿಲ್ಲ.

ಖರ್ಚು ಉಳಿಸಲು ಮೂವರೂ ಒಂದೇ ಹಳ್ಳಿಯನ್ನು ಆರಿಸಿಕೊಂಡೆವು. ಕೊಳ್ಳೇಗಾಲದ ದಾರಿಯಲ್ಲಿ ಬಸ್ಸಿಳಿದು ನಡೆದು ಹೋಗಬೇಕಾಗಿದ್ದ ಊರು. ಒಂದೇ ಬಸ್ಸು, ಶಾಲೆಯ ಜಗಲಿಯಲ್ಲಿ ಒಂದೇ ಜಮಖಾನೆ, ಮೂರು ಮಹಾಪ್ರಬಂಧಗಳು. ಮಾರ್ಗದರ್ಶಕರಿಗೆ ಇದನ್ನು ಹೇಳಿರಲಿಲ್ಲ. ಹಳ್ಳಿಯ ಆಯ್ಕೆಗೆ ಮೂವರೂ ತಂತಮ್ಮ ಪ್ರಬಂಧದಲ್ಲಿ ಬೇರೆಬೇರೆ ಶಾಸ್ತ್ರೀಯ ಕಾರಣಗಳನ್ನು ಕೊಟ್ಟುಕೊಂಡೆವು. ಆ ಪುಟಗಳನ್ನು ಈಗ ಓದಿದರೆ ನನಗೇ ನಂಬಿಕೆ ಬರುವಂತಿವೆ.

ಅಲ್ಲಿನ ಒಬ್ಬ ಅಜ್ಜಿಯನ್ನು ನಾನು ಈವರೆಗೆ ಮರೆತಿಲ್ಲ. ಅವಳ ಮನೆ ಬೀದಿಯ ಮೊದಲಲ್ಲೇ ಇತ್ತು. ಹಾಗಾಗಿ ಊರಿಗೆ ಬಂದ ಕಾಗದದ ಜನವೆಲ್ಲ ಮೊದಲು ಅವಳ ಕೈಗೇ ಸಿಗುತ್ತಿದ್ದರು. ಜನಗಣತಿಯವರು, ಮಲೇರಿಯಾದವರು, ಮತದಾರರ ಪಟ್ಟಿಯವರು, ನಮ್ಮಂಥವರು. ಅರ್ಥಶಾಸ್ತ್ರದ ಗೆಳೆಯ ತನ್ನ ಉದ್ದನೆಯ ಪ್ರಶ್ನಾವಳಿಯನ್ನು ಬಿಚ್ಚಿದಾಗ ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

‘ಹೋದ್ವರ್ಸ ಒಬ್ಬ ಬಂದಿದ್ದ ಕನಪ್ಪ. ನಿನ್ನಂಗೇ ಕನ್ನಡ್ಕ. ಇವೇ ಮಾತ ಕೇಳ್ದ. ಪಾಪ, ಆ ಹುಡುಗ ಪಾಸಾದ್ನಾ?’

ಗೆಳೆಯನಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಅವನು ಯಾವ ಹುಡುಗನೋ, ಯಾವ ಇಲಾಖೆಯೋ. ‘ಆಗಿರ್ತಾನೆ ಅಜ್ಜಿ’ ಎಂದ.

‘ಆಗ್ಲಿ. ನೀನೂ ಆಗ್ಬೇಕಲ್ಲ? ಏನ್ ಬರ್ಕೊಂಡ್ರೆ ನಿಂಗೆ ಒಳ್ಳೇದಾಯ್ತದೆ ಯೋಳು. ಅದ್ನೇ ಯೋಳ್ತೀನಿ.’

ಸಂಶೋಧನಾ ವಿಧಾನದ ಪುಸ್ತಕಗಳಲ್ಲಿ ಜನ ಸುಳ್ಳು ಹೇಳುವುದಕ್ಕೆ ಕಾರಣಗಳ ಒಂದು ಅಧ್ಯಾಯವಿರುತ್ತದೆ. ಹೆದರಿಕೆಯಿಂದ ಹೇಳುತ್ತಾರೆ, ಒಣ ಪ್ರತಿಷ್ಠೆಯಿಂದ ಹೇಳುತ್ತಾರೆ, ಲಾಭದಾಸೆಯಿಂದ ಹೇಳುತ್ತಾರೆ, ಮರೆವಿನಿಂದಲೂ ಹೇಳುತ್ತಾರೆ. ಬಿಸಿಲಲ್ಲಿ ಬಂದ ಬಡ ಹುಡುಗ ಪಾಸಾಗಲಿ ಎಂಬ ಕರುಣೆಯಿಂದ ಹೇಳುತ್ತಾರೆ ಎಂದು ಯಾವ ಪುಸ್ತಕದಲ್ಲಿಯೂ ನಾನು ಓದಲಿಲ್ಲ. ಅದಕ್ಕೆ ಪರಿಹಾರವನ್ನೂ ಯಾರೂ ಸೂಚಿಸಿಲ್ಲ. ಹೆದರಿದವನಿಗೆ ಧೈರ್ಯ ಹೇಳಬಹುದು. ಕರುಣೆ ತೋರುವವಳಿಗೆ ಏನೆಂದು ಹೇಳುವುದು?

ಎಲ್ಲರೂ ಅಜ್ಜಿಯಂತಿರಲಿಲ್ಲವೆನ್ನಿ. ಪ್ರಶ್ನೆ ಕೇಳಲು ಬಂದವರು ಎಮ್ಮೆ ಸಾಲ ಮಂಜೂರು ಮಾಡುವವರು ಎಂಬ ಸುದ್ದಿ ನಾವು ಮೂರನೆಯ ಮನೆಗೆ ಹೋಗುವಷ್ಟರಲ್ಲಿ ಊರ ಕೊನೆಯ ಮನೆ ಮುಟ್ಟಿತ್ತು. ಅಲ್ಲಿಂದ ಮುಂದೆ ಯಾರ ಮನೆಯಲ್ಲೂ ಎಮ್ಮೆಯೇ ಇಲ್ಲ. ಯಜಮಾನನೊಬ್ಬ ಎರಡೂ ಕೈ ಎತ್ತಿ, ‘ಮಾದಪ್ಪನ ಆಣೆ, ಒಂದ್ ಬಾಲನೂ ಇಲ್ಲ ಸ್ವಾಮಿ’ ಎನ್ನುವುದಕ್ಕೂ ಹಿತ್ತಲಲ್ಲಿ ಎಮ್ಮೆಯೊಂದು ದೀರ್ಘವಾಗಿ ಕೂಗುವುದಕ್ಕೂ ಸರಿಹೋಯಿತು. ಗೆಳೆಯ ಪೆನ್ನು ಎತ್ತಿಕೊಂಡು ಕಾದ. ಯಜಮಾನ ಒಂದಿಷ್ಟೂ ಅಳುಕದೆ, ‘ಅದು ನಮ್ಮ ಭಾವಂದು. ನೀರ್ ಕುಡೀಲಿಕ್ಕೆ ಬಂದದೆ’ ಎಂದ. ಅಂದು ಆ ಊರಿನ ಎಷ್ಟು ಎಮ್ಮೆಗಳು ಭಾವಂದಿರ ಪಾಲಾದವೋ! ಸಂಜೆ ಜಗಲಿಯ ಮೇಲೆ ಗೆಳೆಯ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಅದೇ ಯಜಮಾನ ಒಂದು ಚೊಂಬು ಬಿಸಿ ಹಾಲು ತಂದುಕೊಟ್ಟು ಹೋದ. ಯಾವ ಎಮ್ಮೆಯದೆಂದು ನಾವು ಕೇಳಲಿಲ್ಲ.

ಎಮ್ಮೆ ಮರೆಸುವ ಈ ಸಂಗತಿ ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ತಿಳಿದಾಗ ಗೆಳೆಯನಿಗೆ ಸ್ವಲ್ಪ ಸಮಾಧಾನವಾಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಗೋಪ’ನೆಂಬ ಅಧಿಕಾರಿಯಿದ್ದಾನೆ. ಐದೋ ಹತ್ತೋ ಹಳ್ಳಿಗಳು ಅವನ ಪಾಲಿಗೆ. ಮನೆಮನೆಯಲ್ಲಿ ಎಷ್ಟು ಜನ, ಎಷ್ಟು ದನ, ಏನು ಕಸುಬು, ಎಷ್ಟು ಆದಾಯ, ಎಷ್ಟು ವೆಚ್ಚ ಎಂದೆಲ್ಲ ಅವನು ಬರೆದಿಡಬೇಕು. ಇಷ್ಟಾದರೆ ಸಾಲದೆಂದು ಕೌಟಿಲ್ಯನಿಗೆ ಗೊತ್ತು. ಅದಕ್ಕೇ ಗೃಹಸ್ಥರ ವೇಷದಲ್ಲಿ ಗೂಢಚಾರರನ್ನು ಹಿಂದೆಯೇ ಕಳಿಸಿ, ಹಳ್ಳಿಯವರು ಕೊಟ್ಟ ಲೆಕ್ಕ ನಿಜವೇ ಎಂದು ನೋಡಿಸಬೇಕೆನ್ನುತ್ತಾನೆ. ಅಂದರೆ ಅಂದಿನ ದನಗಳೂ ಭಾವಂದಿರ ಮನೆಯಲ್ಲಿರುತ್ತಿದ್ದವು. ಗೂಢಚಾರರನ್ನು ನೇಮಿಸಿಕೊಳ್ಳುವಷ್ಟು ಶಿಷ್ಯವೇತನ ಗೆಳೆಯನಿಗಿರಲಿಲ್ಲ, ಅಷ್ಟೇ.

ಕೌಟಿಲ್ಯನ ಆ ಗ್ರಂಥ ಮತ್ತೆ ಲೋಕಕ್ಕೆ ಸಿಕ್ಕಿದ್ದೂ ನಮ್ಮ ಮೈಸೂರಿನಲ್ಲೇ. 1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗ್ರಂಥಪಾಲಕರಾಗಿದ್ದರು. ತಾಳೆಗರಿಯ ಕಟ್ಟುಗಳ ನಡುವೆ 1905ರಲ್ಲಿ ಅವರು ಅದನ್ನು ಗುರುತಿಸಿದರು. 1909ರಲ್ಲಿ ಸಂಸ್ಕೃತ ಮೂಲವನ್ನು ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋದಾಗ ಅಲ್ಲಿನ ವಿದ್ವಾಂಸರು ‘ಶಾಮಶಾಸ್ತ್ರಿಗಳ ಮೈಸೂರಿನವರೇ?’ ಎಂದು ಕೇಳಿದರೆಂಬ ಕಥೆಯನ್ನು ಮೈಸೂರಿನವರು ಈಗಲೂ ಹಿಗ್ಗಿನಿಂದ ಹೇಳುತ್ತಾರೆ. ನನ್ನನ್ನು ಕಾಡುವವರು ಮಾತ್ರ ಶಾಸ್ತ್ರಿಗಳಲ್ಲ. ಆ ತಾಳೆಗರಿಯ ಕಟ್ಟನ್ನು ಲೈಬ್ರರಿಗೆ ತಂದುಕೊಟ್ಟವರು ತಂಜಾವೂರಿನ ಕಡೆಯ ಒಬ್ಬ ಪಂಡಿತರು. ಚರಿತ್ರೆ ಅವರನ್ನು ‘ಒಬ್ಬ ಪಂಡಿತರು’ ಎಂದಷ್ಟೇ ನೆನೆಯುತ್ತದೆ. ಆ ಲೈಬ್ರರಿಯ ಜೂಬಿಲಿ ಕಟ್ಟಡದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಅವರದೇ ಯೋಚನೆ. ಎಷ್ಟು ತಲೆಮಾರು ಅವರ ಮನೆಯ ಅಟ್ಟದಲ್ಲಿತ್ತೋ ಅದು! ಕೊಡುವಾಗ ಮನೆಯಾಕೆ ಏನಾದರೂ ಅಂದಳೇ? ಇಲ್ಲಿ ಅವರಿಗೆ ಯಾರಾದರೂ ಕೂರಲು ಹೇಳಿ ಒಂದು ಲೋಟ ಮಜ್ಜಿಗೆ ಕೊಟ್ಟರೇ? ರಾಜ್ಯಶಾಸ್ತ್ರದ ಚರಿತ್ರೆಯನ್ನೇ ತಿರುಗಿಸಿದ ಒಂದು ಕಟ್ಟನ್ನು ಕೊಟ್ಟು, ಹೆಗಲವಸ್ತ್ರ ಕೊಡವಿಕೊಂಡು, ಬಂದ ದಾರಿಯಲ್ಲಿ ಹೊರಟುಹೋದರು.

ಶಿಕ್ಷಣಶಾಸ್ತ್ರದ ಗೆಳೆಯನ ಕಷ್ಟ ಬೇರೆ ಬಗೆಯದು. ಅವನ ಪ್ರಶ್ನಾವಳಿಯಲ್ಲಿ ಎಲ್ಲಕ್ಕೂ ಐದೈದು ಮನೆಗಳು. ತುಂಬಾ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ. ಲಿಕರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1932ರಲ್ಲಿ ಕಂಡುಹಿಡಿದ ಈ ಏಣಿಯನ್ನು ಹತ್ತದೆ ಶಿಕ್ಷಣಶಾಸ್ತ್ರದಲ್ಲಿ ಯಾರೂ ಡಾಕ್ಟರಾದಂತಿಲ್ಲ. ಊರ ಶಾಲೆಯ ಸಹಶಿಕ್ಷಕರಿಗೆ ಅವನು ಒಂದೊಂದು ಪ್ರತಿ ಕೊಟ್ಟ. ಹೆಡ್‌ಮಾಸ್ಟರು ಅದೇ ಕೋಣೆಯಲ್ಲಿ ಕೂತು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದರು. ಶಾಲೆಯ ವಾತಾವರಣ ಉತ್ತಮವಾಗಿದೆಯೇ ಎಂದರೆ ಎಲ್ಲರೂ ತುಂಬಾ ಒಪ್ಪಿದರು. ಮುಖ್ಯೋಪಾಧ್ಯಾಯರ ಸಹಕಾರವಿದೆಯೇ ಎಂಬುದಕ್ಕೆ ಒಬ್ಬರು ತುಂಬಾ ಒಪ್ಪಿ, ಅದು ಸಾಲದೆನಿಸಿ ಅದರ ಮೇಲೆ ಎರಡು ಸಲ ಗುರುತು ಹಾಕಿದರು. ಶಾಲೆಯಾಚೆಗೆ ಊರ ಹಿರಿಯರೊಬ್ಬರನ್ನು ಕೇಳಿದಾಗ ಅವರು ಪ್ರತಿ ಪ್ರಶ್ನೆಗೂ, ‘ನೀವು ಒಪ್ಪಿದೀರಾ ಸಾ?’ ಎಂದು ಮೊದಲು ಇವನನ್ನೇ ಕೇಳುವರು. ಇವನು ತಾನು ಹೇಳಬಾರದೆಂದು ವಿವರಿಸುವನು. ‘ನೀವೇ ಒಪ್ದೆ ಇದ್ ಮ್ಯಾಕೆ ನಮ್ಮುನ್ಯಾಕೆ ಕೇಳ್ತೀರಿ?’ ಎನ್ನುವರು ಅವರು. ತರ್ಕಕ್ಕೆ ಉತ್ತರವಿರಲಿಲ್ಲ.

ಶಾಲೆ ಬಿಟ್ಟ ಮಕ್ಕಳಿಗೆ ಕಾರಣಗಳ ಬೇರೊಂದು ಪಟ್ಟಿ ಮಾಡಿದ್ದ. ಬಡತನ, ಶಾಲೆಯ ದೂರ, ಕಲಿಕೆಯಲ್ಲಿ ನಿರಾಸಕ್ತಿ, ಪೋಷಕರ ಅನಕ್ಷರತೆ, ಇತರೆ. ಬಾವಿಯ ಹತ್ತಿರ ಸೊಂಟದಲ್ಲಿ ಕೂಸೊಂದನ್ನು ಎತ್ತಿಕೊಂಡು ನಿಂತಿದ್ದ ಹುಡುಗಿಯನ್ನು, ‘ಯಾಕಮ್ಮ ಸ್ಕೂಲು ಬಿಟ್ಟೆ?’ ಎಂದು ಕೇಳಿದ. ಹತ್ತೋ ಹನ್ನೊಂದೋ ವರ್ಷವಿದ್ದೀತು. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ‘ಇವ್ನು ಹುಟ್ದ’ ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಹುಟ್ಟಿದವನು ಮೂಗು ಸುರಿಸುತ್ತ ಗೆಳೆಯನ ಪೆನ್ನಿಗೆ ಕೈಚಾಚಿದ. ಗೆಳೆಯ ಪಟ್ಟಿಯನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ನೋಡಿ, ಕೊನೆಗೆ ‘ಇತರೆ’ಗೆ ಗುರುತು ಹಾಕಿದ.

ಮನೆಯ ಅಟ್ಟದ ಹಾಗೆ ಆ ‘ಇತರೆ’. ಎಲ್ಲೂ ಹೊಂದದ್ದನ್ನೆಲ್ಲ ಅಲ್ಲಿಗೆ ಎತ್ತಿಡುತ್ತೇವೆ, ಮತ್ತೆ ಹತ್ತಿ ನೋಡುವುದಿಲ್ಲ. ವಾಪಸು ಬಂದು ಕೋಷ್ಟಕ ಹಾಕಿದಾಗ ಅವನ ಕೋಷ್ಟಕದಲ್ಲೆಲ್ಲ ದೊಡ್ಡ ಸಂಖ್ಯೆ ಬಂದದ್ದು ‘ಇತರೆ’ಯ ಮುಂದೆಯೇ. ‘ಇತರೆ ಇಷ್ಟೊಂದು ಬರಬಾರದು, ಪ್ರಶ್ನಾವಳಿ ಸರಿಯಿಲ್ಲ ಅಂತಾಗುತ್ತೆ’ ಎಂದರಂತೆ ಅವನ ಮಾರ್ಗದರ್ಶಕರು. ಅವರು ಹೇಳಿದ್ದು ಶಾಸ್ತ್ರದ ಪ್ರಕಾರ ಸರಿಯೇ. ಅವನು ಅಂದು ರಾತ್ರಿ ಕೋಣೆಯಲ್ಲಿ ಊಟ ಬಿಟ್ಟು ಕೂತಿದ್ದ. ಆಮೇಲೆ ‘ಇವ್ನು ಹುಟ್ದ’ ಎಂಬುದನ್ನು ‘ಕೌಟುಂಬಿಕ ಹೊಣೆಗಾರಿಕೆ’ ಎಂಬ ಹೊಸ ಶೀರ್ಷಿಕೆಯಡಿ ಹಾಕಿ ಒಪ್ಪಿಸಿದ.

ಶಾಲೆ ನೋಡಲು ಹೋದವರು ಇನ್ನೇನನ್ನೋ ಕಂಡುಕೊಂಡು ಬರುವುದು ನಮ್ಮ ನಾಡಿನಲ್ಲಿ ಹಳೆಯ ರೂಢಿ. ಬಿ.ಎಲ್. ರೈಸ್ ಸಾಹೇಬರು 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯವರು. ಶಾಲೆಗಳ ತನಿಖೆಗೆಂದು ಕುದುರೆಯೇರಿ ಹೋದವರ ಕಣ್ಣು ಊರೂರಿನ ಶಾಸನದ ಕಲ್ಲುಗಳ ಮೇಲೆ ಬಿತ್ತು. ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಾಗಿ ಸುಮಾರು 9,000 ಶಾಸನಗಳು ಅಚ್ಚಾದವು. ಕನ್ನಡದ ಚರಿತ್ರೆ ಬರೆದವರೆಲ್ಲ ಆ ಸಾಲವನ್ನು ಹೊತ್ತವರೇ. ಅಲ್ಲಿಯೂ ನನ್ನ ಯೋಚನೆ ಹಳಿ ತಪ್ಪಿ ಬೇರೆ ಕಡೆ ಹೋಗುತ್ತದೆ. ಆ ಒಂಬತ್ತು ಸಾವಿರ ಕಲ್ಲುಗಳನ್ನು ರೈಸರು ತಾವಾಗಿಯೇ ಕಂಡಿರಲಾರರು. ಕೆರೆ ಏರಿಯ ಹಿಂದೆ, ಕಳ್ಳಿ ಬೇಲಿಯ ನಡುವೆ, ‘ಅಲ್ಲೊಂದು ಬರ್ದಿರೋ ಕಲ್ಲದೆ ಬುದ್ಧಿ’ ಎಂದು ಯಾವುದೋ ದನಕಾಯುವ ಹುಡುಗ ಓಡುತ್ತ ಮುಂದೆ ದಾರಿ ತೋರಿಸಿರಬೇಕು.

ನನಗೆ ಸಿಕ್ಕ ದೇವರಗುಡ್ಡರು ಕಂಸಾಳೆ ಹಿಡಿದರೆಂದರೆ ಅರವತ್ತರ ಹತ್ತಿರದ ಅವರ ಮೈಗೆ ಇಪ್ಪತ್ತು ಬರುತ್ತಿತ್ತು. ನನ್ನ ಬಳಿ ಎರವಲು ತಂದ ಟೇಪ್‌ರೆಕಾರ್ಡರ್, ಎಣಿಸಿ ತಂದ ಕ್ಯಾಸೆಟ್ಟುಗಳು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಅರ್ಧ ಗಂಟೆ. ಮಾದೇಶ್ವರನ ಕಾವ್ಯಕ್ಕೆ ಅರ್ಧ ಗಂಟೆ ಎಂಬ ಮಾನವೇ ಇಲ್ಲ. ಅದು ರಾತ್ರಿಯಲ್ಲಿ ಹುಟ್ಟಿ ಬೆಳಗಿಗೆ ಮುಗಿಯುವ, ಕೆಲವೊಮ್ಮೆ ಮುಗಿಯದೆಯೂ ಉಳಿಯುವ ಹಾಡು. ಸಂಕಮ್ಮನ ಸಾಲು ನಡೆಯುತ್ತಿತ್ತು. ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳಿಂದ ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡಲೊಲ್ಲಳು. ಅವನು ಹಿಂಸಿಸುತ್ತಾನೆ. ಗುಡ್ಡರ ದನಿ ಒಡೆದು, ಹಿಮ್ಮೇಳದವರ ಕಣ್ಣು ತುಂಬಿ, ಜಗಲಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡ ಹೊತ್ತಿಗೆ ಸರಿಯಾಗಿ ಟೇಪು ‘ಟಕ್’ ಎಂದು ನಿಂತಿತು. ನಾನು ಸನ್ನೆ ಮಾಡಿದೆ. ಅವರು ಹಾಡು ನಿಲ್ಲಿಸಿದರು. ನಾನು ಕ್ಯಾಸೆಟ್ಟು ತೆಗೆದು, ಮಗ್ಗುಲು ಬದಲಿಸಲು ಹೋಗಿ, ಸಿಕ್ಕಿಹಾಕಿಕೊಂಡ ಟೇಪನ್ನು ಪೆನ್ಸಿಲ್ಲಿನಿಂದ ಸುತ್ತುತ್ತ ಕೂತೆ. ಗುಡ್ಡರು ಸ್ವಲ್ಪ ಹೊತ್ತು ನೋಡಿ, ‘ಬಿರ್‍ನೆ ಹಾಕಪ್ಪ. ಆ ತಾಯಿ ಎಷ್ಟೊತ್ತು ಅಂತ ಹಂಗೇ ಕಷ್ಟ ಪಡ್ಬೇಕು?’ ಎಂದರು.

ತಮಾಷೆಗೆ ಅಂದದ್ದಲ್ಲ. ಅವರ ಮಟ್ಟಿಗೆ ಸಂಕಮ್ಮ ನಿಜವಾಗಿಯೂ ಅಲ್ಲಿ, ನಿಂತ ಹಾಡಿನ ನಡುವೆ, ಮಾದಪ್ಪ ಬರುವುದನ್ನು ಕಾಯುತ್ತಿದ್ದಳು.

ಪ್ರಬಂಧದ ಅನುಬಂಧದಲ್ಲಿ ಹಾಡುಗಾರರ ವಿವರಕ್ಕೊಂದು ನಮೂನೆ ಇರುತ್ತಿತ್ತು. ಲಿಂಗ, ವಯಸ್ಸು, ಕಸುಬು, ವಿದ್ಯಾಭ್ಯಾಸ. ರಾತ್ರಿಯಿಡೀ ಸಾಲು ತಪ್ಪದೆ ಹಾಡಬಲ್ಲ, ಒಂದು ಮಹಾಕಾವ್ಯವನ್ನು ಗಂಟಲಲ್ಲಿಟ್ಟುಕೊಂಡು ಊರೂರು ತಿರುಗುವ ಆ ಮನುಷ್ಯನ ಹೆಸರಿನ ಮುಂದೆ ವಿದ್ಯಾಭ್ಯಾಸದ ಮನೆಯಲ್ಲಿ ‘ಇಲ್ಲ’ ಎಂದು ತುಂಬಬೇಕಾಯಿತು. ನಮೂನೆಯಲ್ಲಿ ಬೇರೆ ಜಾಗವಿರಲಿಲ್ಲ.

ಮುಂದಿನದು ಎಲ್ಲ ಪಿಎಚ್.ಡಿ.ಗಳ ಕಥೆಯೇ. ಬೆರಳಚ್ಚಿನವರ ಮನೆಗೆ ತಿರುಗಾಟ, ರೆಕ್ಸಿನ್ ರಟ್ಟಿನ ಮೇಲೆ ಬಂಗಾರದ ಅಕ್ಷರ, ದೂರದ ಊರಿನಿಂದ ಬಂದ ಪರೀಕ್ಷಕರು, ಮೌಖಿಕ ಪರೀಕ್ಷೆಯ ದಿನ ಖಾರಾಬಾತು ಕೇಸರಿಬಾತು. ಪರೀಕ್ಷಕರು ಒಂದು ಅಡಿಟಿಪ್ಪಣಿಯ ಅಲ್ಪವಿರಾಮದ ಬಗ್ಗೆ ಗಂಭೀರವಾಗಿ ಪ್ರಶ್ನೆ ಕೇಳಿ, ಗಡಿಯಾರ ನೋಡಿಕೊಂಡು, ಊರ ಬಸ್ಸಿಗೆ ಹೊರಟರು. ಒಂದು ಪ್ರತಿಯನ್ನು ನಾನು ಹಳ್ಳಿಗೆ ಕೊಂಡೊಯ್ದೆ. ಗುಡ್ಡರು ಅದನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿ, ‘ನಾನ್ ಹಾಡಿದ್ದು ಇಷ್ಟೊಂದ್ ಭಾರ ಅದಾ?’ ಎಂದು ನಕ್ಕರು. ಆಮೇಲೆ ಅದರ ಮೇಲೆ ಮೂರು ಬೆರಳ ವಿಭೂತಿ ಎಳೆದು ದೇವರ ಗೂಡಿನಲ್ಲಿ ಕಂಸಾಳೆಯ ಪಕ್ಕ ಇಟ್ಟರು. ಮಿಕ್ಕ ಪ್ರತಿಗಳು ಗ್ರಂಥಾಲಯದಲ್ಲಿ ಧೂಳು ಕುಡಿಯುತ್ತಿದ್ದಾಗ ಅದೊಂದಕ್ಕೆ ಸೋಮವಾರ ಸೋಮವಾರ ಪೂಜೆ ನಡೆಯಿತು. ನನ್ನ ಪಾಂಡಿತ್ಯಕ್ಕೆ ಅದಕ್ಕಿಂತ ದೊಡ್ಡ ಮನ್ನಣೆ ಮುಂದೆ ಸಿಗಲಿಲ್ಲ. ಅದು ಸಿಕ್ಕಿದ್ದೂ ಮಾದಪ್ಪನ ಲೆಕ್ಕಕ್ಕೆ.

ಮಹಾಪ್ರಬಂಧದಲ್ಲಿ ಎಲ್ಲರೂ ಓದುವ ಪುಟ ಒಂದೇ. ಕೃತಜ್ಞತೆಗಳದು. ತಮ್ಮ ಹೆಸರಿದೆಯೇ ಎಂದು ನೋಡಲು ಓದುತ್ತಾರೆ. ಅಲ್ಲಿ ಮೊದಲು ಮಾರ್ಗದರ್ಶಕರು, ಆಮೇಲೆ ವಿಭಾಗದ ಮುಖ್ಯಸ್ಥರು, ಕುಲಪತಿಗಳು, ತಂದೆತಾಯಿ, ಗ್ರಂಥಾಲಯದವರು, ಅಂದವಾಗಿ ಬೆರಳಚ್ಚು ಮಾಡಿದವರು. ಎಲ್ಲರೂ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ, ‘ಕ್ಷೇತ್ರಕಾರ್ಯದಲ್ಲಿ ಮಾಹಿತಿ ನೀಡಿದ ಎಲ್ಲ ಮಹನೀಯರಿಗೂ’. ಅಜ್ಜಿ, ಎಮ್ಮೆಯ ಯಜಮಾನ, ಬಾವಿಯ ಹತ್ತಿರದ ಹುಡುಗಿ, ಅವಳ ಸೊಂಟದ ಮೇಲಿದ್ದವನು, ಎಲ್ಲರೂ ಆ ಒಂದು ಪದದಲ್ಲಿ ಒತ್ತಿಕೊಂಡು ಕೂತಿದ್ದಾರೆ.

ಸಮಾಜಶಾಸ್ತ್ರದವರು ಹೆಸರು ಮರೆಸುವುದಕ್ಕೆ ಒಳ್ಳೆಯ ಕಾರಣವಿದೆ. ನಿಜ ಹೇಳಿದವನಿಗೆ ತೊಂದರೆಯಾಗಬಾರದು. ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಡುಗೆಯವನ ಸಮೇತ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ನೆಲೆಸಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರವೆಂದು ಹೆಸರಿಟ್ಟರು. ಹಲವು ವರ್ಷ ತಿದ್ದಿ ತೀಡಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಯಲ್ಲಿದ್ದವು. 1970ರ ಏಪ್ರಿಲ್ 24ರಂದು ಅಲ್ಲಿಗೆ ಯಾರೋ ಬೆಂಕಿಯಿಟ್ಟರು. ಮೂರು ಪ್ರತಿ ಮಾಡಿಟ್ಟುಕೊಳ್ಳುವ ಜಾಗರೂಕ ಮನುಷ್ಯ ಮೂರನ್ನೂ ಒಂದೇ ಕಡೆ ಇಡುತ್ತಾನೆ. ಸಂಶೋಧಕರ ಜಾಯಮಾನವೇ ಹಾಗೆ. ಆಮೇಲೆ ಅವರು ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಕೋಷ್ಟಕಗಳು ಸುಟ್ಟ ಮೇಲೆ ಉಳಿದದ್ದು ಮನುಷ್ಯರು: ಊರ ಗೌಡ, ಅವನ ಗತ್ತು, ಜಗಳ, ನಗೆಚಾಟಿಕೆ. ಆ ಪುಸ್ತಕವನ್ನು ಓದಿದಾಗ ನನ್ನ ಶಿಕ್ಷಣಶಾಸ್ತ್ರದ ಗೆಳೆಯ, ‘ನನ್ನ ಕೋಷ್ಟಕಗಳಿಗೂ ಯಾರಾದರೂ ಬೆಂಕಿ ಇಟ್ಟಿದ್ದರೆ ಆ ಹುಡುಗಿ ಮೊದಲ ಅಧ್ಯಾಯವಾಗ್ತಿದ್ದಳು’ ಎಂದ.

ಅವನು ಈಗಿಲ್ಲ. ಅವನು ಹೋದ ಮೇಲೆ ಒಮ್ಮೆ ಗ್ರಂಥಾಲಯದಲ್ಲಿ ಅವನ ಪ್ರಬಂಧವನ್ನು ತೆಗೆಸಿ ನೋಡಿದೆ. ಹಿಂದಿನ ರಟ್ಟಿಗೆ ಓದಿದವರು ಸಹಿ ಮಾಡುವ ಒಂದು ಹಾಳೆ ಅಂಟಿಸಿದ್ದರು. ಎರಡು ಸಹಿಗಳಿದ್ದವು. ಎರಡೂ ಅವನವೇ. ಯಾರೂ ಓದಲಿಲ್ಲ ಎಂಬ ಅಪವಾದ ತನ್ನ ಕೃತಿಗೆ ಬರಬಾರದೆಂದು ಬಂದು ಓದಿಹೋಗಿದ್ದನೋ ಏನೋ.

ಎಮ್ಮೆ ಎಣಿಸಿದವನು ಪ್ರಾಧ್ಯಾಪಕನಾಗಿ ನಿವೃತ್ತನಾಗಿದ್ದಾನೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಾಗ ಅವನು ನನಗೆ ಫೋನು ಮಾಡಿದ್ದ. ಆಗಿನ 175 ತಾಲ್ಲೂಕುಗಳನ್ನು ಅಳೆದು ತೂಗಿ, 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು ಎಂದೂ ಸಮಿತಿ ಹೇಳಿತ್ತು. ‘ನಮ್ಮ ಅಜ್ಜಿ ಇದ್ದಿದ್ದರೆ ಒಂದೇ ಮಾತು ಕೇಳ್ತಿದ್ದಳು ಕಣಯ್ಯ, ಯಾವ ತಾಲ್ಲೂಕು ಪಾಸಾಯ್ತು ಅಂತ’ ಎಂದ. ಒಳ್ಳೆಯ ವರದಿ ಅದು. ಕರ್ನಾಟಕದಲ್ಲಿ ಆಯವ್ಯಯದ ಮಾತು ಬಂದಾಗಲೆಲ್ಲ ಇಂದಿಗೂ ಅದನ್ನು ಎತ್ತಿ ಆಡುತ್ತಾರೆ. ಅದರ ಸೂಚ್ಯಂಕಗಳ ತಳದಲ್ಲೆಲ್ಲೋ ಭಾವನ ಮನೆಯಿಂದ ನೀರು ಕುಡಿಯಲು ಬಂದ ಎಮ್ಮೆಗಳೂ ಇರಬಹುದೆಂಬ ಗುಮಾನಿ ನಮ್ಮಿಬ್ಬರಿಗೂ ಇದೆ. ಯಾರಿಗೂ ಹೇಳಿಲ್ಲ.

ಈಗ ಸಂಶೋಧನೆಯ ರೀತಿನೀತಿ ಬದಲಾಗಿದೆ. ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ಜಾಲತಾಣಕ್ಕೆ ಏರಿಸುತ್ತಾರೆ. ಸಹಿಯ ಹಾಳೆ ಬೇಕಿಲ್ಲ. ಯುಜಿಸಿ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10 ಮೀರಿದರೆ ತಿದ್ದಿ ಕೊಡಬೇಕು, ಇನ್ನೂ ಹೆಚ್ಚಿದರೆ ದಂಡನೆ. ಕೃತಜ್ಞತೆಗಳ ಪುಟವನ್ನೂ ಈ ತಪಾಸಣೆಯಿಂದ ಹೊರಗಿಟ್ಟಿದ್ದಾರೆ. ನಿಯಮ ಮಾಡಿದವರಿಗೆ ಲೋಕಾನುಭವವಿದೆ. ಅದನ್ನೂ ಸೇರಿಸಿದ್ದರೆ ಈ ದೇಶದಲ್ಲಿ ಒಬ್ಬರೂ ಡಾಕ್ಟರಾಗುತ್ತಿರಲಿಲ್ಲ.

ನನ್ನ ತಮ್ಮನ ಮಗಳು ಬೆಂಗಳೂರಿನಲ್ಲಿ ಹಿರಿಯ ನಾಗರಿಕರ ಸೌಲಭ್ಯಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಮೊನ್ನೆ ರಾತ್ರಿ ವಾಟ್ಸಾಪಿನಲ್ಲಿ ಒಂದು ಲಿಂಕು ಬಂತು. ಹಿಂದೆಯೇ ಅವಳ ಧ್ವನಿ: ‘ದೊಡ್ಡಪ್ಪ, ಇದೊಂದು ಫಾರ್ಮ್ ತುಂಬಿಕೊಡಿ, ಐದೇ ನಿಮಿಷ. ನಿಮ್ಮ ವಾಕಿಂಗ್ ಫ್ರೆಂಡ್ಸಿಗೂ ಕಳಿಸಿ.’ ತೆರೆದೆ. ಅವೇ ಐದೈದು ಮನೆಗಳು. ವಯಸ್ಸಿನ ಪ್ರಶ್ನೆಯಲ್ಲಿ ನನ್ನದು ಕಟ್ಟಕಡೆಯ ಮನೆ. ಅದರಾಚೆ ಮನೆಗಳಿರಲಿಲ್ಲ. ಬಸ್ ಪಾಸಿನಿಂದ ನಿಮಗೆ ಅನುಕೂಲವಾಗಿದೆಯೇ? ಒಂಟಿತನ ಕಾಡುತ್ತದೆಯೇ? ಮಕ್ಕಳು ವಾರಕ್ಕೆಷ್ಟು ಸಲ ಮಾತಾಡುತ್ತಾರೆ? ಆರಿಸಿದ ಮನೆ ನೀಲಿಯಾಗುತ್ತ ಹೋಯಿತು. ಒಂಟಿತನದ ಪ್ರಶ್ನೆಯಲ್ಲಿ ಬೆರಳು ಸ್ವಲ್ಪ ತಡೆಯಿತು. ಯಾವುದನ್ನು ಒತ್ತಿದರೆ ಈ ಹುಡುಗಿಯ ಪ್ರಬಂಧಕ್ಕೆ ಒಳ್ಳೆಯದಾದೀತು ಎಂದು ಯೋಚಿಸಿ, ಅದನ್ನೇ ಒತ್ತಿದೆ. ಕೊನೆಯಲ್ಲಿ ‘ನಿಮ್ಮ ಪ್ರತಿಕ್ರಿಯೆ ದಾಖಲಾಗಿದೆ’ ಎಂದು ಬಂತು. ಹಾಲಿನ ಚೊಂಬು ಕೊಡುವ ಸೌಲಭ್ಯ ಆ ಫಾರ್ಮಿನಲ್ಲಿರಲಿಲ್ಲ.

ಓದುಗರೇ, ನಿಮ್ಮ ಮನೆಬಾಗಿಲಿಗೂ ಇಂಥವರು ಬಂದಾರು. ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದದ ಕಟ್ಟು ಅಥವಾ ಟ್ಯಾಬು. ಅರ್ಧ ತೆರೆದ ಬಾಗಿಲಿನ ಸಂದಿಯಿಂದಲೇ ‘ಈಗ ಪುರುಸೊತ್ತಿಲ್ಲ’ ಎನ್ನಬೇಡಿ. ಕೂರಿಸಿ, ನೀರು ಕೊಡಿ, ಎಮ್ಮೆ ಇದ್ದರೆ ಇದೆಯೆಂದೇ ಹೇಳಿ. ಅವರು ಹೆಸರು ಬೇಡವೆಂದರೂ ನಿಮ್ಮ ಹೆಸರು ಹೇಳಿ, ಸರಿಯಾಗಿ ಬರೆದುಕೊಂಡರೇ ಎಂದು ಒಮ್ಮೆ ಬಗ್ಗಿ ನೋಡಿ. ಮುಗಿದ ಮೇಲೆ ಒಂದು ಕಾರ್ಡು ಬರೆದೋ ಫೋನು ಮಾಡಿಯೋ ಪಾಸಾದದ್ದನ್ನು ತಿಳಿಸಬೇಕೆಂದು ತಾಕೀತು ಮಾಡಿ ಕಳಿಸಿ.